ಕುದಿಯುವ ಮುನ್ನದ ಸದ್ದಿನ ಕುರಿತು ಶ್ರವಣ ದೃಢೀಕರಣ ಕಚೇರಿ ಕೈಗೊಂಡ ಕ್ರಮಗಳು

ಒಬ್ಬ ಮನುಷ್ಯನಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಆ ಮನುಷ್ಯನಿಗೂ ಇಲ್ಲ, ಆತನ ಕಿವಿಗೂ ಇಲ್ಲ. ಅದು ಶ್ರವಣ ದೃಢೀಕರಣ ಕಚೇರಿಗೆ ಸೇರಿದ್ದು. ಬಸ್ಸು, ಲಾರಿ, ಆಂಬುಲೆನ್ಸ್ ಓಡಿಸುವ ಪ್ರತಿಯೊಬ್ಬರೂ ಆ ಕಚೇರಿಯ ಸ್ಟೂಲಿನ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಂತ್ರ ಕುಂಯ್ ಎಂದಾಗ ಕೈ ಎತ್ತತಕ್ಕದ್ದು. ಎತ್ತಿದರೆ ಕೇಳಿಸುತ್ತದೆ. ಎತ್ತದಿದ್ದರೆ ಕೇಳಿಸುವುದಿಲ್ಲ. ಕುಂಯ್ ಅನ್ನದೇ ಇದ್ದಾಗ ಎತ್ತಿದರೆ ಅವನು ಸುಳ್ಳುಗಾರ.

ಕಚೇರಿ ದೊಡ್ಡದೇನಲ್ಲ. ಒಂದೇ ಕೋಣೆ, ನಡುವೆ ಒಂದು ಪ್ಲೈವುಡ್ ಹಲಗೆ. ಹಲಗೆಯ ಆಚೆಗೆ ಪರೀಕ್ಷಾ ಕೊಠಡಿ. ಅದರ ಬಾಗಿಲಿಗೆ 'ನಿಶ್ಶಬ್ದ' ಎಂಬ ತಗಡಿನ ಬೋರ್ಡು ನೇತುಹಾಕಿದ್ದಾರೆ. ಬಾಗಿಲು ತೆಗೆದಾಗೊಮ್ಮೆ, ಹಾಕಿದಾಗೊಮ್ಮೆ ಅದು ಟಣ್ ಎನ್ನುತ್ತದೆ. ಹಲಗೆಯ ಈಚೆಗೆ ಸಾಹೇಬರ ಮೇಜು, ಹೆಡ್ ಕ್ಲರ್ಕ್ ಮೇಡಂ ಮೇಜು, ಒಳಗೆ ಏನೂ ಇಲ್ಲದ ಒಂದು ಕಬ್ಬಿಣದ ಬೀರು. ಬೀರುವಿನ ನೆತ್ತಿಯ ಮೇಲೆ ಕರೆಂಟಿನ ಕೆಟಲ್.

ಕೆಟಲ್ ಅಲ್ಲಿ ಸುಮ್ಮನೆ ಕೂತಿಲ್ಲ, ನಿಯಮದ ಪ್ರಕಾರ ಕೂತಿದೆ. ಹಿಂದೆ ಇದ್ದ ಸಾಹೇಬರಿಗೆ ಪರೀಕ್ಷೆಯ ಹೊತ್ತಿಗೆ ನಿದ್ದೆ ಬರುತ್ತಿತ್ತು. ಅವರ ಗೊರಕೆಗೆ ಕೈ ಎತ್ತಿ ಪಾಸಾದವರು ಇವತ್ತಿಗೂ ಹೆದ್ದಾರಿಯಲ್ಲಿ ಲಾರಿ ಓಡಿಸುತ್ತಿದ್ದಾರೆ. ಅದಾದ ಮೇಲೆ 'ಪರೀಕ್ಷೆ ನಡೆಯುವಾಗ ಪರೀಕ್ಷಾಧಿಕಾರಿಯು ಎಚ್ಚರವಾಗಿರತಕ್ಕದ್ದು' ಎಂಬ ನಿಯಮ ಬಂತು. ಎಚ್ಚರವಾಗಿರಲು ಟೀ ಬೇಕು. ಟೀಗೆ ಕೆಟಲ್ ಬೇಕು. ಆದ್ದರಿಂದ ಅಭ್ಯರ್ಥಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ ಕೂಡಲೇ ಹೆಡ್ ಕ್ಲರ್ಕ್ ಮೇಡಂ ಎದ್ದು ಕೆಟಲ್ ಸ್ವಿಚ್ ಹಾಕುತ್ತಾರೆ. ಇದರಲ್ಲಿ ತಪ್ಪು ಹುಡುಕುವವರು ನಿಯಮ ಓದಿಲ್ಲ ಎಂದೇ ಅರ್ಥ.

ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರಣ್ಣ ಆ ಸ್ಟೂಲಿನ ಮೇಲೆ ಕೂತದ್ದು ಇಂಥ ಹೊತ್ತಿನಲ್ಲೇ. ಡ್ರೈವರಣ್ಣನ ಕಿವಿ ಎಂಥದ್ದೆಂದರೆ, ಇಂಜಿನ್ನಿನಲ್ಲಿ ಒಂದು ನಟ್ಟು ಸಡಿಲವಾದರೆ ಯಾವ ಕಡೆಯ ನಟ್ಟು ಎಂದು ಸೀಟಿನಲ್ಲಿ ಕೂತೇ ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿ ಯಾರಾದರೂ ತನ್ನ ಬಗ್ಗೆ ಪಿಸುಗುಟ್ಟಿದರೆ ಕನ್ನಡಿಯಲ್ಲಿ ನೋಡಿ ತಲೆಯಾಡಿಸುತ್ತಿದ್ದ. ಆತ ಹೆಡ್‌ಫೋನ್ ಹಾಕಿಕೊಂಡ. ಅದರ ಒಂದು ಕಡೆಯ ಸ್ಪಂಜನ್ನು ಇಲಿ ತಿಂದಿತ್ತು. ಬೀರುವಿನ ಮೇಲೆ ಕೆಟಲ್ ಶುರುವಾಯಿತು. ಮೊದಲು ಸೊಂಯ್ ಎಂದಿತು, ಆಮೇಲೆ ಬುಸ್ ಎಂದಿತು. ಖಾಲಿ ಬೀರು ಆ ಬುಸ್ಸನ್ನು ಹೊಟ್ಟೆಗೆ ಹಾಕಿಕೊಂಡು ಹತ್ತು ಪಟ್ಟು ಮಾಡಿ ಪ್ಲೈವುಡ್ಡಿಗೆ ದಾಟಿಸಿತು.

"ಏನಾದ್ರೂ ಕೇಳಿಸ್ತೇನ್ರೀ?" ಸಾಹೇಬರು ಕೇಳಿದರು.

"ಕೇಳಿಸ್ತಾ ಇದೆ ಸಾರ್. ಬುಸ್ ಅಂತ."

"ಬುಸ್ ಯಾರು ಕೇಳಿದ್ರು? ಕುಂಯ್ ಕೇಳಿಸ್ತಾ?"

"ಕುಂಯ್ ಅನ್ನೋದು ಬುಸ್ ಒಳಗಡೆ ಎಲ್ಲೋ ಸಿಕ್ಕಾಕ್ಕೊಂಡಿರಬೇಕು ಸಾರ್. ಆ ಕೆಟಲ್ ಒಂದ್ನಿಮಿಷ ಆಫ್ ಮಾಡ್ಸಿ, ಹುಡುಕಿ ಕೊಡ್ತೀನಿ."

ಸಾಹೇಬರು ತಾಳ್ಮೆಯ ಮನುಷ್ಯರು. "ನೋಡಿ, ಆಫ್ ಮಾಡಿದ್ರೆ ನಂಗೆ ಟೀ ಇಲ್ಲ. ಟೀ ಇಲ್ದೆ ಎಚ್ಚರ ಇರಲ್ಲ. ಎಚ್ಚರ ಇಲ್ದೆ ಪರೀಕ್ಷೆ ಮಾಡಿದ್ರೆ ಅದು ನಿಯಮಬಾಹಿರ. ನಿಮ್ಮ ಕೆಲಸ ನಿಯಮಬಾಹಿರ ಆಗ್ಬೇಕಾ?"

"ಬೇಡ ಸಾರ್."

"ಮತ್ತೆ?"

ಮತ್ತೆ ಏನು, ಡ್ರೈವರಣ್ಣ ಫೇಲು. ವಿಚಿತ್ರವೇನೆಂದರೆ, ಆತ ಕೆಳಗಿಳಿದು ಬರುವ ಹೊತ್ತಿಗೆ ನೀರು ಕೊತಕೊತ ಕುದಿಯತೊಡಗಿತ್ತು, ಕೋಣೆ ಎಷ್ಟು ಶಾಂತವಾಗಿತ್ತೆಂದರೆ ಯಂತ್ರದ ಕುಂಯ್ ಮೆಟ್ಟಿಲ ತನಕ ಕೇಳಿಸುತ್ತಿತ್ತು. ಆತ ಮೆಟ್ಟಿಲ ಮೇಲೆ ನಿಂತು ಕೈ ಎತ್ತಿದ. ಅದು ಲೆಕ್ಕಕ್ಕೆ ಬರುವುದಿಲ್ಲ. ಕೈ ಎತ್ತುವುದಕ್ಕೆ ಸ್ಟೂಲು ಇದೆ.

ಅದೇ ವಾರ ಅದೇ ಸ್ಟೂಲಿನ ಮೇಲೆ ಡಿಪೋ ಮ್ಯಾನೇಜರ ಅಳಿಯನೂ ಕೂತಿದ್ದ. ಅವತ್ತು ಕರೆಂಟು ಹೋಗಿತ್ತು. ಯಂತ್ರ ಸದ್ದು ಮಾಡಲಿಲ್ಲ, ಅಳಿಯನಿಗೂ ಯಾವ ಸದ್ದೂ ಕೇಳಿಸಲಿಲ್ಲ. ಎರಡೂ ಸರಿಯಾಗಿ ತಾಳೆಯಾದದ್ದರಿಂದ ಆತ ಮೊದಲ ದರ್ಜೆಯಲ್ಲಿ ಪಾಸಾದ. ಇಲ್ಲಿ ಮಾವನ ಕೈವಾಡ ಏನೂ ಇಲ್ಲ. ಮಾವ ಬರೀ ಮೈನ್ ಸ್ವಿಚ್ ಹತ್ತಿರ ನಿಂತಿದ್ದರು ಅಷ್ಟೆ.

ಡಿಪೋದಲ್ಲಿ ಮ್ಯಾನೇಜರು ಡ್ರೈವರಣ್ಣನನ್ನು ಕರೆದು ಪ್ರೀತಿಯಿಂದಲೇ ಹೇಳಿದರು: "ಕಿವಿ ಸರಿಯಾಯ್ತು ಅಂತ ಸರ್ಟಿಫಿಕೇಟ್ ತಗೊಂಬಾ ಕಣಯ್ಯ. ಅಲ್ಲೀತನಕ ನಮ್ಮ ಅಳಿಯಂದಿರು ಹನ್ನೊಂದು ನೋಡ್ಕೋತಾರೆ. ತಿಂಗಳೊಳಗೆ ತರಲಿಲ್ಲ ಅಂದ್ರೆ ನಿನ್ನ ಸೀಟು ಅವ್ರಿಗೇ ಕಾಯಂ. ನಿಂಗೆ ಬಸ್ಸು ತೊಳೆಯೋ ಪೈಪು ಕೊಡ್ತೀನಿ, ಅದಕ್ಕೆ ಕಿವಿ ಬೇಕಿಲ್ಲ."

ಇಷ್ಟು ವರ್ಷ ಸ್ಟೀರಿಂಗ್ ಹಿಡಿದ ಕೈಗೆ ಇನ್ನು ಪೈಪು. ಡ್ರೈವರಣ್ಣ ಮನೆಗೆ ಹೋಗಿ ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದ. ಆತನ ಹೆಂಡತಿ ಸ್ವಂತ ಪರೀಕ್ಷೆ ನಡೆಸಿದಳು. ಅಡುಗೆಮನೆಯಿಂದ ತುಟಿ ಅಲುಗಿಸದೆ ಒಂದು ಮಾತು ಅಂದಳು. ಆತನಿಗೆ ಕೇಳಿಸಿತು. ಬಚ್ಚಲಲ್ಲಿ ನಲ್ಲಿ ಒಂದು ಹನಿ ತೊಟ್ಟಿಕ್ಕಿತು, ಕೇಳಿಸಿತು. ನಡುಮನೆಯಲ್ಲಿ ಅತ್ತೆ ಆತನನ್ನು ಮನಸ್ಸಿನಲ್ಲೇ ಬೈದುಕೊಂಡರು, ಅದೂ ಕೇಳಿಸಿತು.

"ಕಿವಿ ಗಟ್ಟಿಯಾಗೇ ಇದೆ ಕಣ್ರೀ," ಎಂದಳು. "ಏಳಿ, ಊಟ ಮಾಡಿ. ಬೆಳಗ್ಗೆ ನಾನೂ ಬರ್ತೀನಿ."

ಬೆಳಗ್ಗೆ ಅವಳು ಗಂಡನನ್ನು ಹಿಂದಿಟ್ಟುಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು. ಹೆಡ್ ಕ್ಲರ್ಕ್ ಮೇಡಂ ಕೆಟ್ಟವರಲ್ಲ. ಎಲ್ಲವನ್ನೂ ಕೇಳಿ, "ಅಕ್ಕಾ, ನಿಮ್ಮ ಯಜಮಾನ್ರ ಕಿವಿ ಬಗ್ಗೆ ನಾವು ಏನೂ ಮಾಡಕ್ಕಾಗಲ್ಲ. ಆದ್ರೆ ಸದ್ದಿನ ಬಗ್ಗೆ ದೂರು ಕೊಟ್ರೆ ಮಾಡಲೇಬೇಕು, ನಾವು ಶಬ್ದದ ಇಲಾಖೆ," ಎಂದರು.

"ಸದ್ದಿನ ಬಗ್ಗೇನೇ ಬರ್ಕೊಳಿ ಹಂಗಾದ್ರೆ."

"ಯಾರ ಸದ್ದು?"

"ನಿಮ್ಮದೇ."

ಹೀಗೆ ಕಚೇರಿಯ ಇತಿಹಾಸದಲ್ಲೇ ಮೊದಲ ಬಾರಿಗೆ ಕಚೇರಿಯ ಮೇಲೆ ಕಚೇರಿಗೇ ದೂರು ಬಂತು. ಸಾಹೇಬರಿಗೆ ಸಂತೋಷವಾಯಿತು. ದೂರದೂರ ಅಲೆಯುವ ಕೆಲಸವಿಲ್ಲ, ತಪ್ಪಿತಸ್ಥ ಕಣ್ಣೆದುರಿಗೇ ಇದೆ, ಓಡಿಹೋಗುವ ಜಾತಿಯೂ ಅಲ್ಲ. ಮಧ್ಯಾಹ್ನದೊಳಗೆ ಗೋಡೆಗೆ ಪ್ರಕಟಣೆ ಅಂಟಿತು:

'ಸಾರ್ವಜನಿಕರ ಗಮನಕ್ಕೆ. ಈ ಕಚೇರಿಯ ಕೆಟಲ್ ನೀರು ಕುದಿಯುವ ಮುನ್ನ ಅನಗತ್ಯವಾಗಿ ಮಾತನಾಡುತ್ತದೆಂದು ತಿಳಿದುಬಂದಿರುತ್ತದೆ. ಸದರಿ ಸದ್ದನ್ನು ಅರ್ಥಮಾಡಿಕೊಳ್ಳಲು ಮತ್ತು, ಅರ್ಥವಾದಲ್ಲಿ, ಕಡಿಮೆ ಮಾಡಲು ಕೆಟಲ್ ಸದ್ದು ಅಧ್ಯಯನ ಹಾಗೂ ಶಮನ ಸಮಿತಿಯನ್ನು ರಚಿಸಲಾಗಿದೆ. ಸಮಿತಿ ಸಭೆ ಸೇರಿದಾಗಲೆಲ್ಲ ಸದಸ್ಯರಿಗೆ ಟೀ ಒದಗಿಸತಕ್ಕದ್ದು.'

ಸಮಿತಿಯಲ್ಲಿ ಸಾಹೇಬರು, ಹೆಡ್ ಕ್ಲರ್ಕ್ ಮೇಡಂ, ಮತ್ತು ವಿಷಯ ಗೊತ್ತಿರುವ ಯಾರಾದರೂ ಒಬ್ಬರು ಇರಲಿ ಎಂದು ರಿಟೈರಾದ ವಿಜ್ಞಾನದ ಮೇಷ್ಟ್ರು. ವಿಷಯ ಗೊತ್ತಿಲ್ಲದ ಸದಸ್ಯನಾಗಿ ಸಾಹೇಬರ ಬಾಮೈದನೂ ಇದ್ದ. ಆತನಿಗೆ ಪಾತ್ರೆ ಮತ್ತು ಕರೆಂಟಿನ ಸಾಮಾನಿನ ಅಂಗಡಿ ಇತ್ತು. ದೂರುದಾರರೆಂದು ಗಂಡಹೆಂಡತಿಗೆ ಗೋಡೆಯ ಪಕ್ಕ ನಿಲ್ಲಲು ಜಾಗ ಕೊಟ್ಟರು.

ಮೊದಲ ಸಭೆಯಲ್ಲಿ ಕೆಟಲ್ ಹಾಕಿದ್ದರಿಂದ ಯಾರು ಏನು ಮಾತಾಡಿದರೆಂದು ಯಾರಿಗೂ ಕೇಳಿಸಲಿಲ್ಲ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಯಾವ ನಿರ್ಣಯ ಎಂಬುದು ಇನ್ನೂ ಗೊತ್ತಾಗಬೇಕಿದೆ.

ಎರಡನೇ ಸಭೆಯಲ್ಲಿ ಮೇಷ್ಟ್ರು ನೀರು ಕುದಿದು ಸದ್ದು ಇಳಿಯುವ ತನಕ ಕಾದು, ಆಮೇಲೆ ಬಾಯಿ ತೆರೆದರು. "ನೋಡಿ, ಕೆಟಲ್ ತಳ ಬಿಸಿಯಾಗುತ್ತೆ. ತಳಕ್ಕೆ ಅಂಟಿಕೊಂಡಿರೋ ನೀರು ಮೊದಲು ಆವಿಯಾಗಿ ಸಣ್ಣ ಸಣ್ಣ ಗುಳ್ಳೆ ಆಗುತ್ತೆ. ಗುಳ್ಳೆ ಮೇಲಕ್ಕೆ ಹೊರಡುತ್ತೆ. ಮೇಲೆ ನೀರು ಇನ್ನೂ ತಣ್ಣಗಿದೆ. ತಣ್ಣೀರು ತಾಗಿದ ತಕ್ಷಣ ಗುಳ್ಳೆ ಪಟ್ ಅಂತ ಕುಸಿದು ಸಾಯುತ್ತೆ. ಹಿಂಗೆ ಸಾವಿರಾರು ಗುಳ್ಳೆ ಒಟ್ಟೊಟ್ಟಿಗೆ ಸತ್ತಾಗ ಬರೋದೇ ಆ ಬುಸ್ ಸದ್ದು."

ಸಾಹೇಬರು ಪೆನ್ನು ಕೆಳಗಿಟ್ಟರು. "ಸಾಯುತ್ತೆ ಅಂದ್ರಾ?"

"ಮಾತಿಗೆ ಹೇಳಿದೆ."

"ನಮ್ಮ ಕಚೇರಿ ಒಳಗೆ, ನನ್ನ ಅವಧಿಯಲ್ಲಿ, ಸಾವಿರಾರು ಸಾವು. ಇದು ಮೇಲಕ್ಕೆ ಗೊತ್ತಾದ್ರೆ ನನ್ನ ಗತಿ ಏನು ಮೇಷ್ಟ್ರೇ? ಮೇಡಂ, 'ಸಾಯುತ್ತೆ' ತೆಗೆದು 'ವರ್ಗಾವಣೆ ಆಗುತ್ತೆ' ಅಂತ ಬರ್ಕೊಳಿ."

ಮೇಡಂ ಬರೆದುಕೊಂಡರು. ಮೇಷ್ಟ್ರು ಮುಂದುವರಿಸಿದರು. ನೀರೆಲ್ಲ ಒಂದೇ ಸಮ ಬಿಸಿಯಾದ ಮೇಲೆ ಗುಳ್ಳೆ ದಾರಿಯಲ್ಲಿ ವರ್ಗಾವಣೆಯಾಗದೆ ನೇರ ಮೇಲೆ ಬಂದು ಒಡೆಯುತ್ತದೆ, ಆದ್ದರಿಂದ ಕುದಿಯುವ ನೀರಿಗೆ ಸದ್ದು ಕಡಿಮೆ. ನಮ್ಮ ನೀರು ಗಡಸು, ಕೆಟಲಿನ ತಳದಲ್ಲಿ ಸುಣ್ಣದ ಪದರ ಕಟ್ಟಿದೆ, ಅದು ಸದ್ದನ್ನು ಇನ್ನೂ ಹೆಚ್ಚು ಮಾಡುತ್ತದೆ. ನಿಂಬೆರಸ ಹಾಕಿ ನೆನೆಸಿಟ್ಟರೆ ಪದರ ಬಿಡುತ್ತದೆ. ಖಾಲಿ ಬೀರುವಿನ ಮೇಲಿಂದ ಇಳಿಸಿ, ಮರದ ಮೇಜಿನ ಮೇಲೆ ದಪ್ಪ ಬಟ್ಟೆ ಮಡಚಿ ಹಾಕಿ ಅದರ ಮೇಲೆ ಇಡಿ. ಮುಚ್ಚಳ ಭದ್ರವಾಗಿ ಮುಚ್ಚಿ. ಅರ್ಧಕ್ಕರ್ಧ ಸದ್ದು ಇವತ್ತೇ ಹೋಗುತ್ತದೆ.

ಗೋಡೆಯ ಪಕ್ಕ ಡ್ರೈವರಣ್ಣನ ಮುಖ ಅರಳಿತು. "ಒಂದು ನಿಂಬೆಹಣ್ಣು ತಾನೇ? ನಾನೇ ತಂದುಕೊಡ್ತೀನಿ ಸಾರ್."

"ಅವಸರ ಬೇಡ," ಎಂದರು ಸಾಹೇಬರು. "ಕೆಟಲ್ ಬಂದಾಗ ಪದರ ಇರಲಿಲ್ಲ. ಈಗ ಇದೆ. ಅಂದ್ರೆ ಸರ್ಕಾರದ ಆಸ್ತಿ ಬೆಳೆದಿದೆ. ಬೆಳೆದ ಆಸ್ತೀನ ನಿಂಬೆಹಣ್ಣು ಹಿಂಡಿ ಕರಗಿಸಿದೆ ಅಂತ ನಾಳೆ ಆಡಿಟ್‌ನವರು ಕೇಳಿದ್ರೆ ನೀವು ಬಂದು ಉತ್ತರ ಕೊಡ್ತೀರಾ?"

"ಬೀರುವಿನಿಂದ ಇಳಿಸೋದು?"

"ಬೀರು ಇರೋದೇ ಕೆಟಲ್ ಇಡೋಕೆ. ಇಳಿಸಿದ್ರೆ ಬೀರು ಯಾಕಿದೆ ಅನ್ನೋ ಪ್ರಶ್ನೆ ಬರುತ್ತೆ."

ಡ್ರೈವರಣ್ಣನ ಹೆಂಡತಿ, ಟೀಯನ್ನು ಮೊದಲೇ ಮಾಡಿ ಫ್ಲಾಸ್ಕಿನಲ್ಲಿ ತುಂಬಿಸಿಡಬಾರದೇ ಎಂದು ಕೇಳಿದಳು. ಸಮಿತಿ ಬಾಮೈದನ ಕಡೆ ನೋಡಿತು. ಬಾಮೈದನ ಅಂಗಡಿಯಲ್ಲಿ ಫ್ಲಾಸ್ಕ್ ಇರಲಿಲ್ಲ. ಸಲಹೆಯನ್ನು ತಾಂತ್ರಿಕವಾಗಿ ಅಸಾಧ್ಯವೆಂದು ಕೈಬಿಡಲಾಯಿತು.

ದಪ್ಪ ಬಟ್ಟೆಯ ಸಲಹೆ ಮಾತ್ರ ಎಲ್ಲರಿಗೂ ಹಿಡಿಸಿತು. ಬಾಮೈದ ಹತ್ತಿ ತುಂಬಿದ, ಗುಂಡಿಗಳಿದ್ದ, ಜೇಬು ಕೂಡ ಇದ್ದ ಒಂದು ಕೋಟು ಹೊಲಿಸಿಕೊಟ್ಟ. ಕೆಟಲ್‌ಗೆ ಜೇಬು ಯಾಕೆ ಎಂದು ಕೇಳುವುದು ಸಭ್ಯತೆಯಲ್ಲ, ಬಿಲ್ಲು ಇಡಲು ಒಂದು ಜಾಗ ಬೇಕಲ್ಲ. ಕೋಟು ಕೆಟಲ್‌ಗೆ ಬಿಗಿಯಾಯಿತು. ತಂದದ್ದನ್ನು ಹಾಳು ಮಾಡಬಾರದೆಂದು ಸಾಹೇಬರು ಅದನ್ನು ದೂರುಗಳು ಬರುವ ಟೆಲಿಫೋನಿಗೆ ತೊಡಿಸಿದರು. ಆ ದಿನದಿಂದ ಊರಿನಲ್ಲಿ ಶಬ್ದದ ದೂರುಗಳು ಗಣನೀಯವಾಗಿ ಇಳಿದವು. ಮೇಲಿನಿಂದ ಮೆಚ್ಚುಗೆ ಬಂತು.

ಮೂರನೇ ಸಭೆಯಲ್ಲಿ ಸಾಹೇಬರು ಮೇಷ್ಟ್ರ ಮಾತಿನ ಸಾರವನ್ನು ತಾವೇ ಹಿಂಡಿ ತೆಗೆದರು. "ತಣ್ಣೀರು ಗಲಾಟೆ ಮಾಡುತ್ತೆ. ಕುದ್ದ ನೀರು ಮರ್ಯಾದಸ್ಥ. ಹೌದೋ ಅಲ್ವೋ?"

"ಒಂಥರಾ ಹೌದು," ಎಂದರು ಮೇಷ್ಟ್ರು.

"ಆಯ್ತು. ಇನ್ಮೇಲೆ ಈ ಕಚೇರಿಯಲ್ಲಿ ಕೆಟಲ್‌ಗೆ ಕುದ್ದ ನೀರನ್ನ ಮಾತ್ರ ಹಾಕತಕ್ಕದ್ದು."

ಮೇಷ್ಟ್ರು ಏನೋ ಹೇಳಲು ಹೋದರು. ಆದರೆ ಅಷ್ಟರಲ್ಲಿ ಚಪ್ಪಾಳೆ ಬಿತ್ತು, ಬಾಮೈದನದ್ದು. ನೀರು ಕುದಿಸಿಕೊಡಲು ಎರಡನೇ ಕೆಟಲ್ ಬಂತು. ಎರಡನೆಯದೂ ಕೆಟಲ್ಲೇ ಆದ್ದರಿಂದ ಅದಕ್ಕೂ ನಿಯಮ ಅನ್ವಯವಾಯಿತು. ಅದಕ್ಕೆ ಕುದ್ದ ನೀರು ಒದಗಿಸಲು ಮೂರನೆಯದು ಬಂತು. ಮೂರನೆಯದಕ್ಕೆ ನಾಲ್ಕನೆಯದು. ಎಲ್ಲವನ್ನೂ ಬೀರುವಿನ ಮೇಲೆ ಸಾಲಾಗಿ ಜೋಡಿಸಿದರು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

"ಸಾರ್," ಎಂದರು ಹೆಡ್ ಕ್ಲರ್ಕ್ ಮೇಡಂ, "ಕೊನೇ ಕೆಟಲ್‌ಗೆ ಕುದ್ದ ನೀರು ಎಲ್ಲಿಂದ ತರೋದು?"

"ಅದು ನೀರು ಸರಬರಾಜಿನವರ ತಲೆನೋವು. ನಲ್ಲೀಲಿ ಕುದಿಸಿದ ನೀರು ಬಿಡಿ ಅಂತ ಒಂದು ಪತ್ರ ಹಾಕಿ. ಬರೋ ತನಕ ತಾತ್ಕಾಲಿಕವಾಗಿ ತಣ್ಣೀರು ಹಾಕಿ. ಆದ್ರೆ ಅದನ್ನ ತಣ್ಣೀರು ಅಂತ ಕರೀಬೇಡಿ."

ಐದನೇ ಕೆಟಲ್ ತರುವಷ್ಟರಲ್ಲಿ ಪ್ಲಗ್ ಪಾಯಿಂಟುಗಳು ಮುಗಿದುಹೋದವು. ಸಮಸ್ಯೆ ಸಂಪೂರ್ಣವಾಗಿ ಬಗೆಹರಿದಿದೆ ಎಂದು ಸಮಿತಿ ಘೋಷಿಸಿತು.

ಡ್ರೈವರಣ್ಣನಿಗೆ ಮರುಪರೀಕ್ಷೆಗೆ ಕರೆ ಬಂದದ್ದು ತಿಂಗಳು ಮುಗಿಯುವ ದಿನ. ಅಷ್ಟರಲ್ಲಿ ಮ್ಯಾನೇಜರ ಅಳಿಯ ಹನ್ನೊಂದನೇ ನಂಬರನ್ನು ಒಂದು ಸಲ ಡಿಪೋ ಗೇಟಿಗೆ, ಒಂದು ಸಲ ಪೋಸ್ಟ್ ಆಫೀಸಿಗೆ ಗುದ್ದಿಸಿದ್ದ. ಗೇಟು ರಸ್ತೆಗೆ ಬಂದಿತ್ತು ಎಂದು ಒಂದಕ್ಕೆ, ಪೋಸ್ಟ್ ಆಫೀಸು ಹಾರ್ನ್ ಮಾಡಲಿಲ್ಲ ಎಂದು ಇನ್ನೊಂದಕ್ಕೆ ಸಮಜಾಯಿಷಿ ಕೊಟ್ಟಿದ್ದ. ಎರಡೂ ಅಂಗೀಕಾರವಾಗಿದ್ದವು. ಬಸ್ಸಿನ ಮೂತಿ ನೋಡಿ ಡ್ರೈವರಣ್ಣ ಅತ್ತುಬಿಟ್ಟಿದ್ದ. ಅವತ್ತು ಬೆಳಗ್ಗೆ ಡಿಪೋದಲ್ಲಿ ಪೈಪು ಸುತ್ತಿ, ಆತನ ಕೈಗೆ ಸಿಗುವ ಹಾಗೆ ಮೊಳೆಗೆ ನೇತುಹಾಕಿದ್ದರು.

ಆತ ಸ್ಟೂಲಿನ ಮೇಲೆ ಕೂತ. ನಿಶ್ಶಬ್ದದ ಬೋರ್ಡು ಟಣ್ ಎಂದಿತು. ಮೇಡಂ ನಾಲ್ಕೂ ಸ್ವಿಚ್ ಹಾಕಿದರು. ಬೀರು ನಡುಗಿತು, ಪ್ಲೈವುಡ್ಡು ನಡುಗಿತು, ಸ್ಟೂಲು ತಾನಾಗಿಯೇ ಬಾಗಿಲ ಕಡೆ ಎರಡು ಹೆಜ್ಜೆ ನಡೆಯಿತು. ಕುಂಯ್ ಎಲ್ಲಿತ್ತೋ ಆ ಯಂತ್ರಕ್ಕೇ ಗೊತ್ತಿಲ್ಲ.

"ಏನಾದ್ರೂ ಕೇಳಿಸ್ತಾ?" ಎಂದು ಸಾಹೇಬರು ಬಾಗಿಲಲ್ಲಿ ನಿಂತು ಚೀಟಿಯಲ್ಲಿ ಬರೆದು ತೋರಿಸಿದರು.

"ಕೆಟಲ್ ಬಿಟ್ಟು ಇನ್ನೇನೂ ಕೇಳಿಸ್ತಿಲ್ಲ ಸಾರ್," ಎಂದು ಡ್ರೈವರಣ್ಣ ಕಿರುಚಿದ.

ಸಾಹೇಬರು ಸರ್ಟಿಫಿಕೇಟಿನ ಮೇಲೆ ಕೆಂಪು ಶಾಯಿಯ ಪೆನ್ನು ಇಡುವಷ್ಟರಲ್ಲಿ ಡ್ರೈವರಣ್ಣನ ಹೆಂಡತಿ ಬಂದು ಮೇಜಿನ ಮುಂದೆ ನೆಲದ ಮೇಲೆ ಕೂತಳು. ಅಷ್ಟು ಹೊತ್ತಿಗೆ ನಾಲ್ಕೂ ಕುದಿದು ಕೋಣೆ ಶಾಂತವಾಗಿತ್ತು. "ಬರೀರಿ ಸಾಹೇಬ್ರೇ," ಎಂದಳು. "ಕೇಳಿಸಲ್ಲ ಅಂತ ಬರೀರಿ. ಆದ್ರೆ ಏನು ಕೇಳಿಸಲ್ಲ ಅಂತನೂ ಬರೀರಿ. ನನ್ನ ಗಂಡ ನಿಮ್ಮ ಮುಂದೇನೇ ಕೆಟಲ್ ಕೇಳಿಸ್ತು ಅಂದ್ರು. ಕೇಳಿಸಿದ್ದನ್ನ ಕೇಳಿಸಲಿಲ್ಲ ಅಂತ ಬರೆದ್ರೆ ನೀವು ಎಚ್ಚರ ಇರಲಿಲ್ಲ ಅಂತ ಆಗುತ್ತೆ. ನಾನು ದೂರು ಕೊಡ್ತೀನಿ. ಫೋನ್‌ನಲ್ಲಲ್ಲ, ಇಲ್ಲೇ ಕೂತು."

ಸಾಹೇಬರು ಟೀ ಕಪ್ಪನ್ನು ಕೆಳಗಿಟ್ಟರು. ಎಚ್ಚರದ ಮಾತು ಬಂದರೆ ಯಾವ ಅಧಿಕಾರಿಗೂ ಬೆವರು ಬರುತ್ತದೆ. ಹೆಡ್ ಕ್ಲರ್ಕ್ ಮೇಡಂ ಬಗ್ಗಿ ಅವರ ಕಿವಿಯಲ್ಲಿ ಏನೋ ಅಂದರು. ಇಬ್ಬರೂ ತಲೆಯಾಡಿಸಿದರು. ಕೆಂಪು ಪೆನ್ನು ಡ್ರಾಯರಿಗೆ ಹೋಯಿತು, ನೀಲಿ ಪೆನ್ನು ಬಂತು. 'ಸದರಿ ಚಾಲಕನಿಗೆ ಕೆಟಲ್ ಸದ್ದು ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆಂದು ದೃಢೀಕರಿಸಲಾಗಿದೆ' ಎಂದು ಬರೆದು ಮೊಹರು ಒತ್ತಿದರು.

ಗಂಡಹೆಂಡತಿ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಗಬೇಕಾದ ಕಾಲವಲ್ಲ ಅದು, ಆದರೆ ಅವರಿಗೆ ಗೊತ್ತಿರಲಿಲ್ಲ.

ಡಿಪೋ ಮ್ಯಾನೇಜರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಓದಿದರು, ತಿರುಗಿಸಿ ಓದಿದರು. ಮೊಹರು ಸರಿಯಾಗಿತ್ತು. ಬೇರೆ ದಾರಿಯಿಲ್ಲದೆ ಅಳಿಯನನ್ನು ಸೀಟಿನಿಂದ ಇಳಿಸಿದರು. "ಸೀಟು ನಿಂದೇ ಕಣಯ್ಯ," ಎಂದರು. "ಆದ್ರೆ ಇದರಲ್ಲಿ ಹಾರ್ನ್ ಕೇಳಿಸುತ್ತೆ ಅಂತ ಇಲ್ಲ. ಕಂಡಕ್ಟರ್ ಸೀಟಿ ಕೇಳಿಸುತ್ತೆ ಅಂತ ಇಲ್ಲ. ಜನ ಕೂಗಿದ್ದು ಕೇಳಿಸುತ್ತೆ ಅಂತಂತೂ ಇಲ್ವೇ ಇಲ್ಲ. ನಿಂಗೆ ಅಧಿಕೃತವಾಗಿ ಕೇಳಿಸೋದು ಕೆಟಲ್ ಒಂದೇ. ಅನಧಿಕೃತವಾಗಿ ಏನಾದ್ರೂ ಕೇಳಿಸ್ಕೊಂಡು ಬ್ರೇಕ್ ಹಾಕಿದೆ ಅಂತ ಗೊತ್ತಾಯ್ತೋ, ಪೈಪು ಅಲ್ಲೇ ನೇತಾಡ್ತಿದೆ."

ಹೀಗೆ ಹನ್ನೊಂದನೇ ನಂಬರ್ ಬಸ್ಸಿಗೆ ಕೆಟಲ್ ಬಂತು. ಯಾರ ಅಂಗಡಿಯಿಂದ ಎಂದು ಹೇಳಬೇಕಿಲ್ಲ. ಡ್ರೈವರ್ ಸೀಟಿನ ಎಡಗಡೆ ಒಂದು ಹಲಗೆ ಹೊಡೆದು, ಬ್ಯಾಟರಿಯಿಂದ ತಂತಿ ಎಳೆದು ಕೂರಿಸಿದರು. ಇಳಿಯಬೇಕಾದವರು ಕಂಡಕ್ಟರಿಗೆ ಹೇಳಬೇಕು, ಕಂಡಕ್ಟರು ಕೆಟಲ್ ಸ್ವಿಚ್ ಹಾಕಬೇಕು, ಕೆಟಲ್ ಬುಸ್ ಅಂದ ಮೇಲೆ ಡ್ರೈವರಣ್ಣ ನಿಲ್ಲಿಸಬೇಕು. ಒಂದೇ ತೊಂದರೆ, ಕೆಟಲ್ ಹೊಸದು. ತಳದಲ್ಲಿ ಸುಣ್ಣವಿಲ್ಲ, ಕೆಳಗೆ ಮರದ ಹಲಗೆ, ಮುಚ್ಚಳ ಬಿಗಿ. ಇಂಜಿನ್ನಿನ ಗದ್ದಲದಲ್ಲಿ ಅದು ಕೆಮ್ಮಿದ ಹಾಗೂ ಕೇಳಿಸುತ್ತಿರಲಿಲ್ಲ. ಮೊದಲ ದಿನ ಬಸ್ಸು ಎಲ್ಲೂ ನಿಲ್ಲದೆ ಹೋಗಿ ಎಣ್ಣೆ ಮುಗಿದ ಕಡೆ ನಿಂತಿತು. ಜನ ಅದನ್ನೇ ಕೊನೆಯ ನಿಲ್ದಾಣವೆಂದು ಭಾವಿಸಿ ಇಳಿದರು.

ಸಮಿತಿ ಮತ್ತೆ ಸೇರಿತು. ಮೇಷ್ಟ್ರನ್ನು ಮತ್ತೆ ಕರೆಸಿದರು.

"ಮೇಷ್ಟ್ರೇ, ನೀವು ಸದ್ದು ಕಮ್ಮಿ ಮಾಡೋಕೆ ಹೇಳಿದ್ದೆಲ್ಲ ಸರಿಯಾಗಿತ್ತಾ?" ಸಾಹೇಬರು ಕೇಳಿದರು.

"ನೂರಕ್ಕೆ ನೂರು."

"ಹಂಗಾದ್ರೆ ಅದನ್ನೆಲ್ಲ ತಿರುವಿ ಹಾಕಿದ್ರೆ ಜಾಸ್ತಿ ಆಗ್ಬೇಕಲ್ವಾ?"

ಮೇಷ್ಟ್ರು ಎದ್ದು ಸಾಹೇಬರ ಕೈ ಕುಲುಕಿದರು. ಅವರು ಇಡೀ ಜೀವನದಲ್ಲಿ ಹೇಳಿಕೊಟ್ಟ ಪಾಠವೊಂದನ್ನು ಒಬ್ಬರು ಪೂರ್ತಿ ಅರ್ಥಮಾಡಿಕೊಂಡದ್ದು ಅದೇ ಮೊದಲು. "ಆಗ್ಬೇಕು," ಎಂದರು.

ಸುತ್ತೋಲೆ ಹೊರಟಿತು: 'ಬಸ್ಸಿನ ಕೆಟಲ್‌ಗೆ ನಿಂಬೆರಸ ತೋರಿಸತಕ್ಕದ್ದಲ್ಲ. ಊರಿನಲ್ಲಿ ಅತ್ಯಂತ ಗಡಸಾದ ಬಾವಿಯ ನೀರನ್ನೇ ಹಾಕಿ ಸುಣ್ಣದ ಪದರವನ್ನು ಪೋಷಿಸತಕ್ಕದ್ದು. ಹಲಗೆಯನ್ನು ಕಿತ್ತು ಖಾಲಿ ಎಣ್ಣೆ ಡಬ್ಬದ ಮೇಲೆ ಕೆಟಲ್ ಇಡತಕ್ಕದ್ದು. ಮುಚ್ಚಳ ಸಡಿಲವಿರಲಿ. ಪ್ರತಿ ನಿಲ್ದಾಣದ ನಂತರ ಬಿಸಿನೀರು ಚೆಲ್ಲಿ ತಣ್ಣೀರು ತುಂಬಿಸತಕ್ಕದ್ದು, ಏಕೆಂದರೆ ಕುದ್ದ ನೀರು ಮರ್ಯಾದಸ್ಥವಾಗಿದ್ದು ಬಸ್ಸು ನಿಲ್ಲಿಸಲು ಬರುವುದಿಲ್ಲ.' ಮೇಷ್ಟ್ರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಶಾಲಿಗೆ ಗುಂಡಿಗಳಿದ್ದವು.

ಈಗ ಎಲ್ಲ ಸರಾಗವಾಗಿ ನಡೆಯುತ್ತಿದೆ. ನೀರು ಬುಸ್ ಅನ್ನಲು ಹೊತ್ತು ಬೇಕಾದ್ದರಿಂದ ಮಾರ್ಕೆಟ್ಟಿನಲ್ಲಿ ಇಳಿಯುವವರು ಆಸ್ಪತ್ರೆ ಬಳಿಯೇ ಹೇಳುತ್ತಾರೆ, ಆಸ್ಪತ್ರೆಯಲ್ಲಿ ಇಳಿಯುವವರು ಕಾಯಿಲೆ ಬರುವ ಮುಂಚೆ ಹೇಳಿದರೆ ಒಳ್ಳೆಯದು. ಚಳಿಯಲ್ಲಿ ನೀರು ತಡವಾಗಿ ಕಾಯುವುದರಿಂದ ಚಳಿಗಾಲದ ನಿಲ್ದಾಣಗಳನ್ನು ಸ್ವಲ್ಪ ಮುಂದಕ್ಕೆ ಸರಿಸಿದ್ದಾರೆ. ಕೆಟಲ್ ಹಾಕಿದಾಗ ಬಸ್ಸಿನ ದೀಪ ಮಂಕಾಗುತ್ತದೆ. ಚೆಲ್ಲುವ ಬಿಸಿನೀರಿಗೆ ಕಂಡಕ್ಟರು ಟೀ ಪುಡಿ ಹಾಕಿ ಮಾರುತ್ತಾನೆ, ಟಿಕೆಟ್ಟಿಗಿಂತ ಅದಕ್ಕೇ ವ್ಯಾಪಾರ ಜಾಸ್ತಿ.

ಕಷ್ಟ ಡ್ರೈವರಣ್ಣನಿಗೆ. ಆತನಿಗೆ ಎಲ್ಲವೂ ಕೇಳಿಸುತ್ತದೆ. ಮಗು ಎತ್ತಿಕೊಂಡ ಹೆಂಗಸೊಬ್ಬಳು ಹಿಂದಿನ ಬಾಗಿಲಲ್ಲಿ ನಿಂತು, "ಅಣ್ಣಾ, ಇಲ್ಲೇ ಒಂಚೂರು ನಿಲ್ಸಣ್ಣಾ," ಅಂದದ್ದು ಕೇಳಿಸಿತು. ಮಗು ಬಿಕ್ಕಿದ್ದು ಕೇಳಿಸಿತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

"ಏನಾದ್ರೂ ಕೇಳಿಸ್ತೇನಣ್ಣ?" ಎಂದು ಕಂಡಕ್ಟರು ಮೆಲ್ಲಗೆ ಕೇಳಿದ. ಮ್ಯಾನೇಜರ ಅಳಿಯ ಮೂರನೇ ಸೀಟಿನಲ್ಲೇ ಕೂತಿದ್ದ.

ಡ್ರೈವರಣ್ಣ ಕೆಟಲ್ ಕಡೆ ನೋಡಿದ. ನೀರು ತಣ್ಣಗಿತ್ತು. "ಇಲ್ಲ ಕಣಯ್ಯ," ಎಂದು ಕಾಲು ತೆಗೆದ. ಅವತ್ತು ರಾತ್ರಿ ಆತ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ. ನಿಧಾನವಾಗಿ ಅಭ್ಯಾಸವಾಯಿತು. ಈಗ ಕೇಳಿಸದಿರುವುದರಲ್ಲಿ ಆತನಷ್ಟು ಪಳಗಿದವರು ಇಲಾಖೆಯಲ್ಲೇ ಇಲ್ಲ ಎನ್ನುತ್ತಾರೆ, ಬೇರೆ ಡ್ರೈವರುಗಳನ್ನು ಆತನ ಬಳಿ ತರಬೇತಿಗೆ ಕಳಿಸುತ್ತಾರೆ.

ಮೊನ್ನೆ ಸಾಹೇಬರ ಜೀಪು ಕೆಟ್ಟುಹೋಯಿತು. ಮೇಲಧಿಕಾರಿಗಳ ಸಭೆಗೆ ತಡವಾಗಿತ್ತು. ಹನ್ನೊಂದನೇ ನಂಬರ್ ಬರುವುದನ್ನು ಕಂಡು ರಸ್ತೆ ಬದಿಗೆ ಓಡಿಬಂದು ಕೈ ಬೀಸಿದರು, ಕೂಗಿದರು, ಬಸ್ಸಿನ ಪಕ್ಕಕ್ಕೆ ಧಬಧಬ ಗುದ್ದುತ್ತಾ ಪೆಟ್ರೋಲ್ ಬಂಕಿನ ತನಕ ಜೊತೆಯಲ್ಲೇ ಓಡಿದರು. "ನಿಲ್ಸೋ, ನಾನು ಕಣೋ, ನಾನೇ ನಿಂಗೆ ಸರ್ಟಿಫಿಕೇಟ್ ಕೊಟ್ಟಿದ್ದು," ಎಂದದ್ದು ಬಸ್ಸಿನೊಳಗಿದ್ದ ನಮಗೆಲ್ಲ ಕೇಳಿಸಿತು. ಬಸ್ಸಿನ ಟಾಪಿನ ಮೇಲೆ ನಿದ್ದೆ ಮಾಡುತ್ತಿದ್ದ ಅಜ್ಜನೊಬ್ಬನಿಗೂ ಕೇಳಿಸಿ ಎಚ್ಚರವಾಯಿತು. ನಾವೆಲ್ಲ ಮೊದಲು ಕೆಟಲ್ ನೋಡಿದೆವು, ಆಮೇಲೆ ಡ್ರೈವರಣ್ಣನನ್ನು ನೋಡಿದೆವು. ಆತ ನೇರ ರಸ್ತೆ ನೋಡುತ್ತಾ ಗೇರ್ ಬದಲಿಸಿದ.

ಸಾಹೇಬರು ಧೂಳಿನಲ್ಲಿ ನಿಂತು ಏದುಸಿರು ಬಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಮುಖದ ಮೇಲೆ ತೃಪ್ತಿ ಮೂಡಿತು ಎಂದು ಬಂಕಿನವರು ಹೇಳುತ್ತಾರೆ. ಅವರು ಕೊಟ್ಟ ಸರ್ಟಿಫಿಕೇಟಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದು ರಸ್ತೆಯ ಮೇಲೆಯೇ ಸಾಬೀತಾಗಿತ್ತು. ಕಚೇರಿಗೆ ನಡೆದುಕೊಂಡೇ ಹೋಗಿ, ಡ್ರೈವರಣ್ಣನ ಸರ್ಟಿಫಿಕೇಟನ್ನು ಜೀವನಪರ್ಯಂತ ಎಂದು ತಿದ್ದಿ ಕಳಿಸಿದರು.

ಆ ಹೊತ್ತಿನಲ್ಲಿ ಡ್ರೈವರಣ್ಣ ನಕ್ಕ ಎಂದು ಮುಂದಿನ ಸೀಟಿನವರು ಹೇಳುತ್ತಾರೆ. ಇರಬಹುದು. ಆದರೆ ಆ ನಗುವಿಗೆ ಸದ್ದಿರಲಿಲ್ಲವಾದ್ದರಿಂದ ಅದು ಯಾವ ಕಚೇರಿಯ ವ್ಯಾಪ್ತಿಗೂ ಬರುವುದಿಲ್ಲ.